ಎಷ್ಟು ಮನೆ ಶ್ರುತಿ?

"ಇನ್ನೊಂದ್ ಸಲ ಮೇಡಂ. ಚೆನ್ನಾಗಿತ್ತು, ಆದ್ರೂ ಇನ್ನೊಂದೇ ಒಂದ್ ಸಲ."

ಹೆಡ್‌ಫೋನಿನಲ್ಲಿ ಹುಡುಗನ ದನಿ. ಗಾಜಿನ ಆಚೆ ಅವನ ಮುಖ ಸರಿಯಾಗಿ ಕಾಣುವುದಿಲ್ಲ. ಕಂಪ್ಯೂಟರಿನ ಬೆಳಕು ಬಿದ್ದ ಕನ್ನಡಕವಷ್ಟೇ ಹೊಳೆಯುತ್ತದೆ. ರಾಜಾಜಿನಗರದ ಒಂದು ಮನೆಯ ಎರಡನೇ ಮಹಡಿ. ಮಲಗುವ ಕೋಣೆಯ ಗೋಡೆಗೆ ಸ್ಪಂಜು ಬಡಿದು ಸ್ಟುಡಿಯೋ ಮಾಡಿಕೊಂಡಿದ್ದಾರೆ. ಏಸಿಯ ಸದ್ದು ಮೈಕಿಗೆ ಸಿಗುತ್ತದೆಂದು ಟೇಕ್ ಶುರುವಾದ ಕೂಡಲೇ ಅದನ್ನು ಆರಿಸುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆ. ಬೆವರು ಕತ್ತಿನಿಂದ ಇಳಿದು ಪಿಟೀಲಿನ ಹಲಗೆಗೆ ತಾಕದಂತೆ ಹೆಗಲ ಮೇಲೊಂದು ಕರವಸ್ತ್ರ ಹಾಸಿಕೊಂಡಿದ್ದೇನೆ.

ಕಿವಿಯಲ್ಲಿ ಕ್ಲಿಕ್ ಓಡುತ್ತಿದೆ, ಟಿಕ್ ಟಿಕ್ ಟಿಕ್. ಸಿನಿಮಾ ಹಾಡಿನ ಎರಡನೇ ಚರಣಕ್ಕೆ ಮುಂಚೆ ಬರುವ ಒಂದು ಬಿಟ್. ಅದೇ ಸಾಲನ್ನು ಮೇಲಿನ ಸ್ಥಾಯಿಯಲ್ಲಿ ನುಡಿಸಿದ್ದಾಯಿತು, ಕೆಳಗಿನ ಸ್ಥಾಯಿಯಲ್ಲಿ ನುಡಿಸಿದ್ದಾಯಿತು, ಈಗ ಮತ್ತೆ ಮೇಲಕ್ಕೆ. ಹುಡುಗ ಈ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಕೆಲವನ್ನು ಎಡಕ್ಕೆ ಕೆಲವನ್ನು ಬಲಕ್ಕೆ ಸರಿಸಿಬಿಟ್ಟರೆ, ಚಿತ್ರಮಂದಿರದಲ್ಲಿ ಕೂತವರಿಗೆ ಒಂದು ದೊಡ್ಡ ಪಿಟೀಲು ತಂಡವೇ ನುಡಿಸಿದಂತೆ ಕೇಳಿಸುತ್ತದೆ. ಕನ್ನಡ ಚಿತ್ರಗೀತೆಗಳು ಮದ್ರಾಸಿನಲ್ಲಿ ಮುದ್ರಣವಾಗುತ್ತಿದ್ದ ಕಾಲದಲ್ಲಿ ಸಾಲು ಸಾಲು ಪಿಟೀಲುಗಾರರು ಸ್ವರದ ಹಾಳೆ ಮುಂದಿಟ್ಟುಕೊಂಡು ಒಟ್ಟಿಗೆ ಕಮಾನು ಎಳೆಯುತ್ತಿದ್ದರು. ಈಗ ಆ ಇಡೀ ಸಾಲು ನಾನೊಬ್ಬಳೇ. ಎಷ್ಟೋ ಹಾಡುಗಳಿಗೆ ನಾನೂ ಬೇಕಿಲ್ಲ, ಕೀಬೋರ್ಡಿನಲ್ಲೇ ಮುಗಿಯುತ್ತದೆ. ಗಾಂಧಾರವನ್ನು ಮಧ್ಯಮದವರೆಗೆ ತೂಗಿ ಇಳಿಸಬೇಕಾದ ಕಡೆ ಯಂತ್ರ ಎಡವುತ್ತದಲ್ಲ, ಅಲ್ಲಿಗೆ ಮಾತ್ರ ನಮ್ಮಂಥವರಿಗೆ ಫೋನು.

"ಸೂಪರ್ ಮೇಡಂ. ಓಕೆ."

ಪಿಟೀಲನ್ನು ಪೆಟ್ಟಿಗೆಗಿಟ್ಟು ಮೆಟ್ಟಿಲಿಳಿಯುವಷ್ಟರಲ್ಲಿ ಮೊಬೈಲು ಟಿಂಗ್ ಎನ್ನುತ್ತದೆ. ದುಡ್ಡು ಬಂತು. ಈ ಒಂದು ವಿಷಯದಲ್ಲಿ ಸಿನಿಮಾದ ಹುಡುಗರನ್ನು ಮೆಚ್ಚಬೇಕು, ಎಲ್ಲರೂ ಅಲ್ಲದಿದ್ದರೂ.

ಅದರ ಹಿಂದೆಯೇ ಇನ್ನೊಂದು ಕರೆ. ಮೃದಂಗದ ಹುಡುಗ.

"ಅಕ್ಕಾ, ಸಂಜೆ ಖಾಲಿ ಇದ್ದೀರಾ? ಜಯನಗರದ ಕಡೆ ರಾಮೋತ್ಸವ. ಪಿಟೀಲಿನವರಿಗೆ ಜ್ವರ ಅಂತೆ. ಮೈಸೂರಿನ ಅಮ್ಮ ಹಾಡ್ತಿರೋದು, ನಿಮಗೆ ಗೊತ್ತಲ್ಲ. ಆರೂವರೆಗೆ."

ಏನು ಹಾಡುತ್ತಾರೆ ಎಂದು ನಾನು ಕೇಳುವುದಿಲ್ಲ. ಹಾಡುವವರೇ ಅದನ್ನು ಕಾರಿನಲ್ಲಿ ಬರುತ್ತಾ ತೀರ್ಮಾನಿಸುತ್ತಾರೆ. ಎಷ್ಟು ಕೊಡುತ್ತಾರೆ ಎಂದೂ ಕೇಳುವುದಿಲ್ಲ. ಕೇಳಬೇಕು, ಆದರೆ ಕೇಳುವುದಿಲ್ಲ, ಅದೊಂದು ಕೆಟ್ಟ ಸಂಪ್ರದಾಯ. ನಾನು ಕೇಳುವುದು ಒಂದೇ ಪ್ರಶ್ನೆ.

"ಎಷ್ಟು ಮನೆ ಶ್ರುತಿ?"

"ಐದೂವರೆ."

ಹಾರ್ಮೋನಿಯಂನ ಎಷ್ಟನೇ ಮನೆಯಲ್ಲಿ ಷಡ್ಜ ಕೂರುತ್ತದೆ ಎಂಬ ಲೆಕ್ಕ ಅದು. ಕಷ್ಟ ಇರುವುದು ಅಲ್ಲೇ. ಸ್ಟುಡಿಯೋದ ಹಾಡಿಗಾಗಿ ನನ್ನ ಪಿಟೀಲನ್ನು ಎರಡು ಮನೆಗೆ ಇಳಿಸಿಕೊಂಡಿದ್ದೆ. ಗಂಡಸರು ಹಾಡುವ ಶ್ರುತಿ ಸಾಮಾನ್ಯವಾಗಿ ಅಲ್ಲೇ ಆಸುಪಾಸು, ಒಂದರಿಂದ ಎರಡೂವರೆ. ಹೆಂಗಸರದು ಐದು, ಐದೂವರೆ, ಆರು. ಎರಡರಿಂದ ಐದೂವರೆಗೆ ಏರಿಸುವುದೆಂದರೆ ಸಡಿಲವಾಗಿ ಕೂತ ನಾಲ್ಕು ತಂತಿಗಳನ್ನೂ ಬಿಗಿದು ನಿಲ್ಲಿಸಬೇಕು. ಅದಕ್ಕೇ ಬಹಳ ಜನ ಎರಡು ಪಿಟೀಲು ಇಟ್ಟುಕೊಳ್ಳುತ್ತಾರೆ. ನನ್ನದೂ ಇನ್ನೊಂದಿದೆ, ಯಲಹಂಕದ ಮನೆಯಲ್ಲಿ. ಈ ಹೊತ್ತಿಗೆ ಯಲಹಂಕಕ್ಕೆ ಹೋಗಿ ಜಯನಗರಕ್ಕೆ ಬರುತ್ತೇನೆಂದರೆ ಮಂಗಳ ಹಾಡುವ ಹೊತ್ತಿಗೆ ಬಂದೇನು.

ಮೆಟ್ರೋ ನಿಲ್ದಾಣದಲ್ಲಿ ಪೆಟ್ಟಿಗೆ ಸ್ಕ್ಯಾನರಿನ ಪಟ್ಟಿಯ ಮೇಲೆ ಹೋಗಿ ಆಚೆ ಬರುತ್ತದೆ. "ಗಿಟಾರಾ ಮೇಡಂ?" ಎನ್ನುತ್ತಾಳೆ ಕಾವಲಿನ ಹುಡುಗಿ. "ಪಿಟೀಲು" ಎಂದರೆ ನಗುತ್ತಾಳೆ. ರೈಲಿನಲ್ಲಿ ಪೆಟ್ಟಿಗೆಯನ್ನು ಎದೆಗವಚಿ ನಿಲ್ಲುತ್ತೇನೆ. ಬೆನ್ನಿಗೆ ಹಾಕಿಕೊಂಡರೆ ಹಿಂದಿನವರ ಬೈಗುಳ. ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ. ಚಿಕ್ಕಪೇಟೆಯಲ್ಲಿ ಇಳಿದುಬಿಡುತ್ತೇನೆ. ಬಳೇಪೇಟೆಯ ವಾದ್ಯದ ಅಂಗಡಿಗಳು ಅಲ್ಲಿಂದ ಹತ್ತಿರ.

ಬಳೇಪೇಟೆಯ ಅಂಗಡಿಯಲ್ಲಿ ಒಳಗೆ ಕಾಲಿಡಲು ಜಾಗವಿಲ್ಲ. ಸೂರಿನಿಂದ ತಮಟೆ, ಡೋಲು, ತಬಲಾದ ಬಾಯಾ, ಪ್ಲಾಸ್ಟಿಕ್ ಹೊದೆಸಿದ ಹಾರ್ಮೋನಿಯಂ. ಮಾಲೀಕರು ನನ್ನ ಮುಖ ನೋಡಿಯೇ, "ಮೊದಲನೇ ತಂತೀನಾ?" ಎನ್ನುತ್ತಾರೆ. ಒಂದು ಮೊದಲನೆಯದು, ಒಂದು ಎರಡನೆಯದು. ದುಡ್ಡು ಎಣಿಸುವಾಗ ಬುದ್ಧಿ ಹೇಳುತ್ತಾರೆ: "ಒಂದೇ ಏಟಿಗೆ ಏರಿಸಬೇಡಿ ತಾಯಿ. ಸ್ವಲ್ಪ ಸ್ವಲ್ಪ." ಅಂಗಡಿಯ ಮೂಲೆಯಲ್ಲೇ ಸ್ಟೂಲಿನ ಮೇಲೆ ಕೂತು ಶುರುಮಾಡುತ್ತೇನೆ. ಮೊದಲ ತಂತಿ ಅರ್ಧ ಮನೆ, ಎರಡನೆಯದು ಅರ್ಧ ಮನೆ, ಮೂರು, ನಾಲ್ಕು, ಮತ್ತೆ ಮೊದಲಿಂದ. ತಂತಿ ಬಿಗಿಯಾದಂತೆಲ್ಲ, ತಂತಿಗಳನ್ನು ಹೊತ್ತು ನಿಂತ ಕುದುರೆ ಬಿರಡೆಗಳ ಕಡೆ ವಾಲುತ್ತದೆ. ಎರಡು ಕೈಯ ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ಹಿಂದಕ್ಕೆ ನಿಲ್ಲಿಸಬೇಕು. ಇಲ್ಲದಿದ್ದರೆ ಕಚೇರಿಯ ನಡುವೆ ಅದು ಟಪಾರನೆ ಮುಗ್ಗರಿಸಿ ನಾಲ್ಕೂ ತಂತಿ ಕೆಳಗೆ. ನಾಲ್ಕು ಮನೆಗೆ ಬಂದಾಗ ನಿಲ್ಲಿಸುತ್ತೇನೆ. ಮಿಕ್ಕದ್ದು ಪೆಂಡಾಲಿನಲ್ಲಿ.

ಮತ್ತೆ ರೈಲು. ಮೊಬೈಲು ತೆಗೆದರೆ ಕ್ಯಾಲಿಫೋರ್ನಿಯಾದ ತಾಯಿಯೊಬ್ಬರ ಸಂದೇಶ: ಪುಟ್ಟಿಗೆ ಇನ್ನೊಂದು ಕ್ಲಾಸ್ ಹೆಚ್ಚಿಗೆ ಕೊಡಬಹುದೇ? ನನ್ನ ಮನೆಯ ಬಾಡಿಗೆ ಬರುವುದು ಸಿನಿಮಾದಿಂದಲ್ಲ, ಕಚೇರಿಯಿಂದಂತೂ ಅಲ್ಲವೇ ಅಲ್ಲ, ಈ ಪುಟ್ಟಿಯರಿಂದ. ಬೆಳಗ್ಗೆ ಐದೂವರೆಗೆ ಲ್ಯಾಪ್‌ಟಾಪಿನ ಮುಂದೆ ಕೂತರೆ ಅಲ್ಲಿ ಹಿಂದಿನ ದಿನದ ಸಂಜೆ ಐದು. ನವೆಂಬರಿನಲ್ಲಿ ಅವರು ಗಡಿಯಾರ ಹಿಂದೆ ತಿರುಗಿಸಿದಾಗ ನನ್ನ ಇಡೀ ವಾರದ ವೇಳಾಪಟ್ಟಿ ಒಂದು ಗಂಟೆ ಜರುಗುತ್ತದೆ. ದನಿ ತಲುಪುವುದು ತಡವಾಗುವುದರಿಂದ ಗುರು ಶಿಷ್ಯೆ ಒಟ್ಟಿಗೆ ನುಡಿಸುವ ಹಾಗಿಲ್ಲ. ನಾನು ನುಡಿಸುತ್ತೇನೆ, ಅವಳು ನುಡಿಸುತ್ತಾಳೆ. ಇನ್ನೊಂದು ತಮಾಷೆ ಕೇಳಿ: ಹಿನ್ನೆಲೆಯ ಗದ್ದಲ ತೆಗೆಯುವ ತಂತ್ರಾಂಶಕ್ಕೆ ತಂಬೂರಿಯೂ ಗದ್ದಲವೇ. ಒಂದೇ ಸಮನೆ ಮೊಳಗುವುದೆಲ್ಲ ಅದಕ್ಕೆ ಫ್ಯಾನು. ಶ್ರುತಿಯನ್ನು ನುಂಗಿ ಹಾಕಿ ಪಿಟೀಲನ್ನು ಮಾತ್ರ ಕಳಿಸುತ್ತದೆ. ಆ ಗುಂಡಿ ಎಲ್ಲಿದೆ, ಅದನ್ನು ಹೇಗೆ ಆರಿಸಬೇಕು ಎಂಬುದೇ ಈಗ ಹೊಸ ಶಿಷ್ಯರಿಗೆ ನನ್ನ ಮೊದಲನೇ ಪಾಠ. ಪುಟ್ಟಿಯ ಅವಸರಕ್ಕೆ ಕಾರಣ ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಆರಾಧನೆ. 1978ರಲ್ಲಿ ಶುರುವಾದ ಆ ಉತ್ಸವದ ಸ್ಪರ್ಧೆಗಳಿಗೆ ಅಮೆರಿಕದ ಮಕ್ಕಳು ವರ್ಷಾನುಗಟ್ಟಲೆ ತಯಾರಾಗುತ್ತಾರೆ. ಅದು ಬರುವುದೂ ನಮ್ಮ ರಾಮನವಮಿ ಋತುವಿನಲ್ಲೇ. ಆದ್ದರಿಂದ ಈ ತಿಂಗಳು ನನಗೆ ನಿದ್ದೆ ರೈಲಿನಲ್ಲಿ ನಿಂತುಕೊಂಡೇ.

ಪೆಂಡಾಲು ತಲುಪಿದಾಗ ಆರು ಹತ್ತು. ದಾರಿಗೆ ಅಡ್ಡ ಕಟ್ಟಿದ ಹಳದಿ ಕೆಂಪು ಬಟ್ಟೆ, ಬಾಳೆಕಂಬ, ಪ್ಲಾಸ್ಟಿಕ್ ಕುರ್ಚಿಗಳು. ಬೆಂಗಳೂರಿನಲ್ಲಿ ಯುಗಾದಿ ಮುಗಿದರೆ ಬಡಾವಣೆ ಬಡಾವಣೆಗೂ ಹೀಗೆ ಒಂದು ಪೆಂಡಾಲು ಏಳುತ್ತದೆ. 1939ರಲ್ಲಿ ಚಾಮರಾಜಪೇಟೆಯಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಉತ್ಸವ ಇವೆಲ್ಲಕ್ಕೂ ಹಿರಿಯಣ್ಣ. ಕೋಟೆ ಹೈಸ್ಕೂಲಿನ ಆವರಣದ ಅದರ ವೇದಿಕೆಯಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದ್ದಾರೆ. ನಮ್ಮದು ಅಷ್ಟು ದೊಡ್ಡದಲ್ಲ. ಇಲ್ಲಿ ವೇದಿಕೆಯ ಹಿಂದೆಯೇ ಪಾನಕದ ಡ್ರಮ್ಮು, ಕೋಸಂಬರಿಯ ಬೋಗುಣಿ, ಚಪ್ಪಲಿಯ ರಾಶಿ. ಕಾರ್ಯದರ್ಶಿಗಳು ಕೈಗೊಂದು ಲೋಟ ಪಾನಕ ಕೊಡುತ್ತಾರೆ. ಏಲಕ್ಕಿ, ಶುಂಠಿ, ಮೆಣಸು. ಮಧ್ಯಾಹ್ನದಿಂದ ಹೊಟ್ಟೆಗೆ ಬಿದ್ದದ್ದು ಇಷ್ಟೇ.

ಮೃದಂಗದ ಹುಡುಗ ಆಗಲೇ ಬಂದು ಕೂತಿದ್ದಾನೆ. ಒಂದು ಕೈಯಲ್ಲಿ ಕಲ್ಲು, ಕಿವಿಗೆ ಸಿಕ್ಕಿಸಿದ ಫೋನಿನಲ್ಲಿ ಆಫೀಸು. ಹಗಲು ಅವನು ಸಾಫ್ಟ್‌ವೇರ್ ಎಂಜಿನಿಯರು. "ಯಾ, ಯಾ, ವಿಲ್ ಚೆಕ್" ಎನ್ನುತ್ತಲೇ ಮೃದಂಗದ ಅಂಚನ್ನು ಟಕ್ ಟಕ್ ಎಂದು ತಟ್ಟುತ್ತಾನೆ. ಫೋನಿಟ್ಟು, "ಸಾರಿ ಅಕ್ಕ, ರಿಲೀಸ್ ಇದೆ" ಎಂದು ಎಡಮುಖಕ್ಕೆ ಮೆತ್ತಲು ರವೆ ಕಲಸುತ್ತಾನೆ.

ಅಮ್ಮ ಬರುತ್ತಾರೆ. ಅರವತ್ತೈದು ದಾಟಿದ್ದಾರೆ, ದನಿ ದಾಟಿಲ್ಲ. "ಬಾಮ್ಮ, ಪಾಪ ಕೊನೇ ಗಳಿಗೆಯಲ್ಲಿ ಒಪ್ಪಿಕೊಂಡ್ಯಂತೆ" ಎಂದು ಕೆನ್ನೆ ಸವರುತ್ತಾರೆ. ಏನು ಹಾಡುತ್ತೇನೆಂದು ಹೇಳಿಯಾರೆಂದು ಕಾಯುತ್ತೇನೆ. ಅವರು ತಂಬೂರಿ ಪೆಟ್ಟಿಗೆಯ ಗುಂಡಿ ತಿರುಗಿಸುತ್ತಾ, "ಮಳೆ ಬರೋ ಹಾಗಿದೆ ಅಲ್ವಾ?" ಎನ್ನುತ್ತಾರೆ.

ವೇದಿಕೆಯ ಮೇಲೆ ನನ್ನ ಜಾಗ ಅವರ ಎಡಕ್ಕೆ, ಮೃದಂಗ ಬಲಕ್ಕೆ. ಕಾಲು ಮಡಿಸಿ ಕೂತು ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರುತ್ತೇನೆ, ಬುಡ ಎದೆಗೆ. ಹೀಗೆ ಊರಿದಾಗ ಎಡಗೈಗೆ ವಾದ್ಯದ ಭಾರ ಹೊರುವ ಕೆಲಸವಿಲ್ಲ. ಬೆರಳು ತಂತಿಯ ಮೇಲೆ ಉದ್ದಕ್ಕೂ ಜಾರಬಲ್ಲದು. ಯೂರೋಪಿನ ವಾದ್ಯವನ್ನು ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ನಮ್ಮದು ಮಾಡಿಕೊಂಡಿದ್ದು ಕಂಠದಂತೆ ಜಾರಬಲ್ಲದೆಂಬ ಕಾರಣಕ್ಕೇ ಅಲ್ಲವೆ? ಕೊನೆಯ ಒಂದೂವರೆ ಮನೆ ಏರಿಸುತ್ತೇನೆ. ಮೊದಲ ತಂತಿ ಸಣ್ಣಗೆ ಕಿರುಗುಟ್ಟುತ್ತದೆ. ನಿಲ್ಲುತ್ತದೆ.

"ಎಕೋ ತೆಗೀಪ್ಪ" ಎನ್ನುತ್ತಾರೆ ಅಮ್ಮ ಮೈಕಿನವನಿಗೆ. ಅವನು ತಲೆಯಾಡಿಸಿ ಇನ್ನಷ್ಟು ಹಾಕುತ್ತಾನೆ.

ವರ್ಣ, ಗಣಪತಿಯ ಮೇಲೊಂದು, ಆಮೇಲೆ ಎರಡು ಕೃತಿ. ಎಲ್ಲ ಪರಿಚಿತ ದಾರಿ. ಅರ್ಧ ಕ್ಷಣ ಹಿಂದೆ ನೆರಳಿನಂತೆ ಹೋಗುತ್ತೇನೆ. ಮುಂದಿನ ಸಾಲಿನಲ್ಲಿ ಒಬ್ಬರು ತಾಳ ಹಾಕುತ್ತಿದ್ದಾರೆ, ತಪ್ಪಾಗಿ, ಬಹಳ ಶ್ರದ್ಧೆಯಿಂದ. ಅವರ ಕೈ ನೋಡಬಾರದೆಂದು ಕಣ್ಣು ಮುಚ್ಚುತ್ತೇನೆ.

ಆಮೇಲೆ ಅಮ್ಮ ಒಮ್ಮೆ ಗಂಟಲು ಸರಿಮಾಡಿಕೊಂಡು ಷಡ್ಜದಲ್ಲಿ ನಿಲ್ಲುತ್ತಾರೆ. ರಾಗ ಯಾವುದು? ರಿಷಭ ಬಂತು, ಸಾಧಾರಣ ಗಾಂಧಾರ ಬಂತು. ಪ್ರತಿಮಧ್ಯಮ. ಪಂಚಮದಲ್ಲಿ ಒರಗಿ ಶುದ್ಧ ಧೈವತವನ್ನು ಮುಟ್ಟಿ ವಾಪಸ್ಸು. ಈಗ ನನ್ನ ಮುಂದೆ ಎರಡು ಬಾಗಿಲು. ಷಣ್ಮುಖಪ್ರಿಯವಾದರೆ ಕೈಶಿಕಿ ನಿಷಾದ, ಸಿಂಹೇಂದ್ರಮಧ್ಯಮವಾದರೆ ಕಾಕಲಿ. ಮೇಳಕರ್ತದ ಪಟ್ಟಿಯಲ್ಲಿ 56 ಮತ್ತು 57, ಅಕ್ಕಪಕ್ಕದ ಮನೆಯವು. ಮಿಕ್ಕ ಸ್ವರವೆಲ್ಲ ಒಂದೇ, ಬೇರೆಯಾಗುವುದು ನಿಷಾದವೊಂದೇ. ಸಾಮಾನ್ಯವಾಗಿ ಹಾಡುವವರು ಎರಡನೇ ಸಂಚಾರದಲ್ಲೇ ಗುಟ್ಟು ಬಿಟ್ಟುಕೊಡುತ್ತಾರೆ. ಸಂಚಾರದ ಧಾಟಿಯೇ ಹೇಳಿಬಿಡುತ್ತದೆ. ಇವರು ಬಿಡುವುದಿಲ್ಲ. ಗಾಂಧಾರ ಮಧ್ಯಮಗಳ ನಡುವೆಯೇ ಸುತ್ತುತ್ತಾರೆ. ನಾನು ಅವರನ್ನು ಹಿಂಬಾಲಿಸಲೇಬೇಕು, ಆದರೆ ನಿಷಾದವನ್ನು ಅವರಿಗಿಂತ ಮೊದಲು ಮುಟ್ಟುವ ಹಾಗಿಲ್ಲ. ಧೈವತದ ಮೇಲೆ ಬೆರಳಿಟ್ಟು ಕಮಾನಿನ ಒತ್ತಡ ಕಡಿಮೆ ಮಾಡುತ್ತೇನೆ. ಓರೆಗಣ್ಣಿನಲ್ಲಿ ನೋಡಿದರೆ ಅಮ್ಮನ ತುಟಿಯಂಚಿನಲ್ಲಿ ನಗು! ಆಟ ಆಡಿಸುತ್ತಿದ್ದಾರೆ. ಧೈವತದಿಂದ ಒಮ್ಮೆ ಮೇಲೆ ಚಿಮ್ಮಿ ತಾರಷಡ್ಜದ ಹೊಸ್ತಿಲಲ್ಲಿ, ಅದಕ್ಕೆ ಅಂಟಿಕೊಂಡಂತೆ, ನಿಂತರು. ಕಾಕಲಿ. ಸಿಂಹೇಂದ್ರಮಧ್ಯಮ. ನನ್ನ ಬೆರಳು ಅಲ್ಲಿಗೆ ಹೋಗಿ ಸೇರಿದ್ದು ಅವರು ಹೊರಡುವ ಮೊದಲೋ ಆಮೇಲೋ, ನನಗೇ ಗೊತ್ತಾಗಲಿಲ್ಲ. ಮುಂದಿನ ಸಾಲಿನವರು "ಭೇಷ್" ಎಂದರು. ಈ ಸಲ ಸರಿಯಾದ ಜಾಗದಲ್ಲಿ.

ಬೆಂಗಳೂರಿನಲ್ಲಿ ನನಗೆ ದುಡ್ಡು ಬರುವುದು ಎರಡನೇ ಸಲವೂ ಹಾಗೇ ನುಡಿಸಬಲ್ಲದ್ದಕ್ಕೆ: ಸ್ಟುಡಿಯೋದ ಬಿಟ್, ಪುಟ್ಟಿಯ ವರ್ಣ, ಆರತಕ್ಷತೆಯಲ್ಲಿ ಅತಿಥಿಗಳು ಗೋಬಿ ಮಂಚೂರಿ ತಿನ್ನುತ್ತಿರುವಾಗ ನುಡಿಸುವ ಹಳೆಯ ಸಿನಿಮಾ ಹಾಡು. ಈ ಐದು ನಿಮಿಷಕ್ಕೆ ಇಲ್ಲಿ ದರ ಗೊತ್ತುಮಾಡಿದವರಿಲ್ಲ. ನಾಳೆ ಪತ್ರಿಕೆಯಲ್ಲಿ ಬಂದರೂ ಕೊನೆಯ ಸಾಲಿನಲ್ಲಿ "ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು ಸಹಕರಿಸಿದರು" ಎಂದು ಬರುತ್ತದೆ. ಇದಕ್ಕೆ ಪಕ್ಕಾ ವಿರುದ್ಧವಾದದ್ದೂ ಈ ಊರಿನಲ್ಲಿ ಒಂದಿದೆ, ಅದನ್ನೂ ಹೇಳಬೇಕು. ಮಲ್ಲೇಶ್ವರದ ಕಡೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಂಗಣಕ್ಕೆ ಇರುವ ಹೆಸರು ಟಿ. ಚೌಡಯ್ಯನವರದು. ತಿರುಮಕೂಡಲಿನ ಚೌಡಯ್ಯ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರು, ಜೀವಮಾನದ ಬಹುಪಾಲು ಬೇರೆಯವರ ಪಕ್ಕದಲ್ಲಿ ಕೂತು ನುಡಿಸಿದವರು. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಿಸಲೆಂದು ಪಿಟೀಲಿಗೆ ಏಳು ತಂತಿ ಹಾಕಿಸಿಕೊಂಡವರು. ಪಕ್ಕವಾದ್ಯದವರೊಬ್ಬರ ಹೆಸರಿನ ಸಭಾಂಗಣದಲ್ಲಿ ಮುಖ್ಯ ಕಲಾವಿದರೆಲ್ಲ ಬಂದು ಹಾಡಿ ಹೋಗುತ್ತಾರೆ.

ಅಮ್ಮ ಆಲಾಪನೆ ಬಿಟ್ಟುಕೊಟ್ಟರು. ನನ್ನ ಸರದಿ. ಅವರು ತೆಗೆದುಕೊಂಡ ಹೊತ್ತಿನ ಅರ್ಧದಷ್ಟರಲ್ಲಿ ಮುಗಿಸುವುದು ಮರ್ಯಾದೆ. ಮುಗಿಸಿದೆ. ಮೈಸೂರು ವಾಸುದೇವಾಚಾರ್ಯರು ಈ ರಾಗದಲ್ಲಿ ರಾಮನ ಮೇಲೆ ಮಾಡಿದ ಕೃತಿಯನ್ನು ಅಮ್ಮ ಎತ್ತಿಕೊಂಡರು. ಆಮೇಲೆ ಸ್ವರಕಲ್ಪನೆ. ಅವರು ನಾಲ್ಕು ಆವರ್ತ, ನಾನು ನಾಲ್ಕು. ಎರಡು, ಎರಡು. ಒಂದು, ಒಂದು. ಅರ್ಧ. ಬಿಸಿ ಏರುತ್ತಿದೆ, ಹೊರಗೆ ಗುಡುಗು. ಮೇಲಿನ ಪಂಚಮಕ್ಕೆ ಕಮಾನು ಒತ್ತಿದೆನೋ ಇಲ್ಲವೋ, ಟಣ್!

ಮೊದಲ ತಂತಿ ಹೋಯಿತು. ತುದಿ ಸುರುಳಿಯಾಗಿ ಮುಂಗೈಗೆ ಚುಚ್ಚಿತು. ಅಮ್ಮ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಕೈಯನ್ನು ಎರಡನೇ ತಂತಿಯಲ್ಲಿ ಮೇಲಕ್ಕೆ, ಇನ್ನೂ ಮೇಲಕ್ಕೆ, ಕುದುರೆಯ ದಿಕ್ಕಿಗೆ ಜಾರಿಸುತ್ತೇನೆ. ಅಲ್ಲಿ ಸ್ವರಗಳು ಒತ್ತೊತ್ತಾಗಿ ಕೂತಿರುತ್ತವೆ, ಬೆರಳಿಡಲು ಜಾಗ ಸಾಲದು. ಪಂಚಮ, ಧೈವತ, ಕಾಕಲಿ, ತಾರಷಡ್ಜ, ಎಲ್ಲ ಒಂದೇ ತಂತಿಯಲ್ಲಿ. ಮುಕ್ತಾಯಕ್ಕೆ ಮೂವರೂ ಒಟ್ಟಿಗೆ ಬಂದು ಇಳಿದೆವು.

ಮೃದಂಗದ ಹುಡುಗ ನನ್ನತ್ತ ನೋಡಿ ಹುಬ್ಬು ಹಾರಿಸಿದ: ಎಷ್ಟು ಹೊತ್ತು ಬೇಕು? ನಾನು ಅಂಗೈ ಬಿಡಿಸಿ ತೋರಿಸಿದೆ: ನಿಧಾನಕ್ಕೆ ನುಡಿಸು. ಮೃದಂಗ ಒಂಟಿಯಾಗಿ ನುಡಿಯುವ ತನಿ ಆವರ್ತನ ಶುರುವಾಯಿತು. ತನಿ ಎಂದರೆ ಬೆಂಗಳೂರಿನ ರಸಿಕರಿಗೆ ಎದ್ದು ಪಾನಕಕ್ಕೆ ಹೋಗುವ ಹೊತ್ತು. ಹಗಲೆಲ್ಲ ಆಫೀಸಿನಲ್ಲಿ ದುಡಿದು ಬಂದ ಹುಡುಗ ಖಾಲಿಯಾಗುತ್ತಿರುವ ಕುರ್ಚಿಗಳಿಗೆ ತಿಶ್ರ ನುಡಿಸಬೇಕು. ಈ ಅಭ್ಯಾಸ ನನಗೆ ಯಾವತ್ತೂ ಸರಿಬಂದಿಲ್ಲ. ಇವತ್ತು ಮಾತ್ರ ನನ್ನನ್ನು ಯಾರೂ ನೋಡುತ್ತಿಲ್ಲವೆಂದು ಸಮಾಧಾನ. ಬಳೇಪೇಟೆಯ ತಂತಿಯನ್ನು ಪೊಟ್ಟಣದಿಂದ ಬಿಚ್ಚಿ, ತೂತಿಗೆ ಪೋಣಿಸಿ, ಬಿರಡೆ ಸುತ್ತುತ್ತೇನೆ. ಹೊಸ ತಂತಿ ಹೇಳಿದ ಮಾತು ಕೇಳುವುದಿಲ್ಲ. ಶ್ರುತಿಗೆ ತಂದು ಕೈ ತೆಗೆದರೆ ಸಾಕು, ಎಳೆದುಕೊಂಡು ಇಳಿಯುತ್ತದೆ. ಹೆಬ್ಬೆರಳಲ್ಲಿ ತಂತಿಯನ್ನೇ ಮೇಲಕ್ಕೆತ್ತಿ ಎಳೆದು ಪಳಗಿಸಿ, ಮತ್ತೆ ಏರಿಸಿ, ಮತ್ತೆ ಎಳೆದು. ಮುಂದಿನ ಮುಕ್ಕಾಲು ಗಂಟೆ, ದೇವರನಾಮದಿಂದ ಮಂಗಳದವರೆಗೆ, ಪ್ರತಿ ಹಾಡಿನ ನಡುವೆಯೂ ಕೈ ಬಿರಡೆಯ ಕಡೆಗೇ.

ಮಳೆ ಬಂದೇ ಬಂತು. ಪೆಂಡಾಲಿನ ಬಟ್ಟೆಯಲ್ಲಿ ನೀರು ನಿಂತು ಹೊಟ್ಟೆ ಬಿಟ್ಟಿತು. ಇಬ್ಬರು ಹುಡುಗರು ಗಳ ತಂದು ಕೆಳಗಿನಿಂದ ಚುಚ್ಚಿ ಚೆಲ್ಲಿದರು. ಕುರ್ಚಿಗಳವರು ನಡುವಿಗೆ ಸರಿದು ಕೂತರು, ಎದ್ದು ಹೋಗಲಿಲ್ಲ. ಅಮ್ಮನಿಗೆ, ನನಗೆ, ಮೃದಂಗದ ಹುಡುಗನಿಗೆ ಶಾಲು, ಹಾರ, ಹಣ್ಣಿನ ತಟ್ಟೆ. ಫೋಟೋ. ಕಾರ್ಯದರ್ಶಿಗಳು ಭಾಷಣದಲ್ಲಿ ನನ್ನ ಹೆಸರಿನ ಬದಲು ಜ್ವರ ಬಂದವರ ಹೆಸರು ಹೇಳಿದರು. ಆಮಂತ್ರಣದಲ್ಲಿ ಅಚ್ಚಾಗಿದ್ದುದು ಅದೇ ತಾನೆ.

ವೇದಿಕೆಯ ಹಿಂದೆ ಬಿಸಿಬೇಳೆಬಾತು, ಮೊಸರನ್ನ. ಅಡಿಕೆ ಹಾಳೆಯ ತಟ್ಟೆ ಹಿಡಿದು ತಿನ್ನುತ್ತಿರುವಾಗ ಖಜಾಂಚಿಗಳು ಬಂದು ಕವರು ಕೊಡುತ್ತಾರೆ, ಎಲೆ ಅಡಿಕೆಯ ಕೆಳಗೆ ಮುಚ್ಚಿ, ಏನೋ ತಪ್ಪು ಮಾಡಿದವರ ಹಾಗೆ. ಎಲ್ಲರೆದುರು ಬಿಚ್ಚಿ ನೋಡುವ ಹಾಗಿಲ್ಲ. ಕೈಗೆ ಸಿಕ್ಕ ದಪ್ಪದಿಂದಲೇ ಅಂದಾಜು ಮಾಡುತ್ತೇನೆ. ಈ ವಿದ್ಯೆಯಲ್ಲಿ ನಮ್ಮ ಕಿವಿಗಿಂತ ಬೆರಳು ಚುರುಕು. ಮಧ್ಯಾಹ್ನದ ಒಂದು ಬಿಟ್‌ಗೆ ಬಂದದ್ದಕ್ಕಿಂತ ತೆಳ್ಳಗಿದೆ. ಎರಡು ತಂತಿಯ ದುಡ್ಡು ಕಳೆದರೆ ಇನ್ನೂ ತೆಳ್ಳಗೆ.

"ಏನಮ್ಮ, ನಿಷಾದಕ್ಕೆ ಕಾಯ್ತಾ ಕೂತಿದ್ದೆ ಅಲ್ವಾ?" ಅಮ್ಮ ಪಕ್ಕದ ಕುರ್ಚಿಗೆ ಬಂದು ಕೂತರು. ಕಣ್ಣಲ್ಲಿ ಅದೇ ತುಂಟತನ.

"ಇನ್ನೊಂದು ನಿಮಿಷ ಆಗಿದ್ರೆ ನಾನೇ ಷಣ್ಮುಖಪ್ರಿಯ ಮಾಡಿಬಿಡ್ತಿದ್ದೆ."

"ಮಾಡಿದ್ರೆ ನಾನೂ ಅದನ್ನೇ ಹಾಡ್ತಿದ್ದೆ ಬಿಡು. ಅಲ್ಲೀವರೆಗೂ ನನಗೂ ಗೊತ್ತಿರಲಿಲ್ಲ." ಗಟ್ಟಿಯಾಗಿ ನಕ್ಕು, ಮೊಸರನ್ನದಿಂದ ದಾಳಿಂಬೆ ಕಾಳುಗಳನ್ನು ಆರಿಸಿ ಬದಿಗಿಡುತ್ತಾ ಹೇಳಿದರು: "ನಾಳಿದ್ದು ಮೈಸೂರಲ್ಲಿ ಒಂದಿದೆ. ಬಾ. ನಿನ್ನ ಜೊತೆ ಹಾಡೋಕೆ ಚೆನ್ನಾಗಿದೆ."

ನಾಳಿದ್ದು ಬೆಳಗ್ಗೆ ಪುಟ್ಟಿಯ ಹೆಚ್ಚುವರಿ ಕ್ಲಾಸು. ಅದನ್ನು ರೈಲಿನಲ್ಲಿ ಕೂತು ಮಾಡಲಾಗುವುದಿಲ್ಲ. ಮುಗಿಸಿಕೊಂಡು ಏಳೂವರೆಗೆ ಮನೆ ಬಿಟ್ಟರೆ ಸಂಜೆಯೊಳಗೆ ಧಾರಾಳ ತಲುಪಬಹುದು. ರಾತ್ರಿ ವಾಪಸ್ಸು ಬರಬೇಕು, ಮಾರನೆಯ ದಿನ ಮತ್ತೆ ಐದೂವರೆ. ಮೃದಂಗದ ಹುಡುಗ ತಲೆಯೆತ್ತದೆ ಫೋನಿನಲ್ಲಿ ಏನೋ ಟೈಪು ಮಾಡುತ್ತಾ, "ನಾನಂತೂ ರಜೆ ಹಾಕ್ತೀನಿ" ಎಂದ.

"ಬರ್ತೀನಮ್ಮ," ಎಂದೆ. ಆಮೇಲೆ, ಎಲ್ಲಿಂದ ಧೈರ್ಯ ಬಂತೋ, "ಹೋಗಿಬರೋ ಖರ್ಚು ಅವರೇ ಕೊಡ್ತಾರಾ?" ಎಂದು ಕೇಳಿಯೇಬಿಟ್ಟೆ.

ಅಮ್ಮ ಚಮಚ ಕೆಳಗಿಟ್ಟರು. "ನಲವತ್ತು ವರ್ಷದಿಂದ ಹಾಡ್ತಿದ್ದೀನಿ, ನಾನೇ ಕೇಳಿಲ್ಲ ಕಣೆ. ನಾಳೆ ಫೋನ್ ಮಾಡಿ ಕೇಳ್ತೀನಿ ಇರು. ನನಗೂ ಸೇರಿಸಿ."